ತಲೆಯಲ್ಲಿ ಎರಡು ಕಟಿಂಗ್ ನೀರು

ನನ್ನ ಗಂಡನ ಕಾಲು ಮೊದಲ ಸಲ ನೆಲಕ್ಕೆ ಅಂಟಿಕೊಂಡದ್ದು ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಬೆಳಗಿನ ಎಂಟೂವರೆಯ ನೂಕುನುಗ್ಗಲಿನಲ್ಲಿ. ಕಲ್ಯಾಣದಲ್ಲಿ ನಮ್ಮ ಕಡೆಯವರ ಒಂದು ಮದುವೆಗೆ ಹೊರಟಿದ್ದೆವು. ಪಕ್ಕದಲ್ಲಿ ನಡೆಯುತ್ತಿದ್ದ ಮನುಷ್ಯ ಗಕ್ಕನೆ ನಿಂತರು, ಅಂಗಾಲಿಗೆ ಯಾರೋ ಹಲಸಿನ ಮೇಣ ಹಚ್ಚಿದ ಹಾಗೆ. ಹಿಂದಿನಿಂದ ಬಂದವರು "ಚಲೋ ಕಾಕಾ, ಚಲೋ" ಎನ್ನುತ್ತಾ ತಮ್ಮ ಚೀಲಗಳಿಂದ ಅವರ ಬೆನ್ನಿಗೆ ಗುದ್ದಿ ಮುಂದೆ ಹೋದರು.

"ಎಂತ ನಿಂತದ್ದು? ನಡೀರಿ" ಎಂದೆ.

"ನಡೀತಾ ಇದ್ದೇನಲ್ಲ" ಎಂದರು.

ನಡೆಯುತ್ತಿರಲಿಲ್ಲ. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ಇದ್ದಲ್ಲೇ ಇತ್ತು. ಮದುವೆಯ ಊಟ ತಪ್ಪಿತು. ನನಗೆ ಹೆದರಿಕೆಯೇನೂ ಆಗಲಿಲ್ಲ, ಸಿಟ್ಟು ಬಂತು. ನಲವತ್ತು ವರ್ಷ ಇಲ್ಲಿನ ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತ ಕಾಲು ಅದು. ದಿನಕ್ಕೆ ಹತ್ತು ಗಂಟೆ ನಿಂತು ಹಬ್ಬದ ದಿನವೂ ನೋವು ಎನ್ನದ ಕಾಲಿಗೆ ಈಗ ಮದುವೆಯ ದಿನವೇ ಕೊಬ್ಬು ಬರಬೇಕೇ ಎಂದು ಮನೆಗೆ ಬಂದು ಗೊಣಗಿದೆ.

ನಮ್ಮ ಬೀದಿಯ ಡಾಕ್ಟರರ ಹತ್ತಿರ ಹೋದೆವು. ಅವರು ಮೊಣಕಾಲು ತಟ್ಟಿ, ಕಣ್ಣಿಗೆ ಬ್ಯಾಟರಿ ಬಿಟ್ಟು, "ವಯಸ್ಸಾಯಿತು" ಎಂದರು. ಅದನ್ನು ನಮ್ಮ ಸೊಸೈಟಿಯ ವಾಚ್‌ಮನ್ ಕೂಡ ಹೇಳುತ್ತಾನೆ, ಗುಳಿಗೆ ಬರೆದುಕೊಡದೆ. ಆಮೇಲೆ ಒಂದು ವರ್ಷ ನಾನು ಕೇಳಿದ್ದೆಲ್ಲ ಇದೇ ಮಾತು. ಕಾಲು ಎಳೆಯುತ್ತಾರೆ ಎಂದರೆ ವಯಸ್ಸು. ಪಾಯಿಖಾನೆ ಮುಟ್ಟುವ ಮೊದಲೇ ಪಂಚೆ ಒದ್ದೆಯಾಗುತ್ತದೆ ಎಂದರೆ ವಯಸ್ಸು. ಕೇಳಿದ ಮಾತಿಗೆ ಉತ್ತರ ಬರುವಷ್ಟರಲ್ಲಿ ನಾನು ಅರ್ಧ ಪಾತ್ರೆ ತೊಳೆದಿರುತ್ತೇನೆ ಎಂದರೆ ಅದೂ ವಯಸ್ಸು. ನನಗೂ ಅವರಿಗೂ ಇರುವುದು ನಾಲ್ಕೇ ವರ್ಷದ ಅಂತರ. ನಾನು ಮೂರನೇ ಮಹಡಿಯಿಂದ ದಿನಕ್ಕೆರಡು ಸಲ ಇಳಿದು ಹತ್ತುತ್ತೇನೆ. ವಯಸ್ಸು ಒಬ್ಬರ ಮೇಲೆಯೇ ಏಕೆ ಕೂತಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಮಗ ಸೊಸೆ ಇಬ್ಬರೂ ಬೆಳಿಗ್ಗೆ ಏಳರ ಲೋಕಲ್ ರೈಲು ಹಿಡಿಯುವವರು. ಮಗ ಮೊಬೈಲ್ ನೋಡಿ "ಅಮ್ಮ, ಇದು ಮರೆವಿನ ಕಾಯಿಲೆ, ಇದಕ್ಕೆ ಮದ್ದಿಲ್ಲ" ಎಂದು ತೀರ್ಪು ಕೊಟ್ಟು ಹೋದ. ಸೊಸೈಟಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಸೋಫಾದ ಮೇಲೆ ಕೂತು, ನನ್ನ ಗಂಡನ ಮುಂದೆಯೇ, ಅವರು ಕಿವುಡರು ಎಂಬಂತೆ, "ಡೈಪರ್ ಹಾಕಿಬಿಡಿ ಮಾಮಿ, ನಿಮಗೆ ಸುಲಭ" ಎಂದರು. ಆ ದಿನ ಗಂಡ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. ಮಾತು ಬರಲು ತಡವಾದರೂ ಕಿವಿ ಸರಿಯಾಗಿಯೇ ಇತ್ತು.

ಒಂದೇ ವಿಷಯದಲ್ಲಿ ಅವರು ಜಗಳ ಬಿಟ್ಟಿರಲಿಲ್ಲ. ಪಾಯಿಖಾನೆಗೆ ಹೋಗುವಾಗ ನಾನು ಹಿಂದೆ ಹೋಗಿ ತೋಳು ಹಿಡಿದರೆ, "ನೀನು ಹೊರಗೆ ನಿಲ್ಲು" ಎನ್ನುತ್ತಿದ್ದರು. ನಾನು ನಿಲ್ಲುತ್ತಿರಲಿಲ್ಲ. ಬಿದ್ದರೆ ಎತ್ತುವವಳು ನಾನು ತಾನೇ?

ಕೊನೆಗೆ ಬಿದ್ದೇ ಬಿದ್ದರು, ಅಡುಗೆಮನೆಯ ಹೊಸ್ತಿಲಲ್ಲಿ. ಹಣೆ ಒಡೆಯಿತು. ಹೊಲಿಗೆ ಹಾಕಿದವರು ತಲೆಯ ಸ್ಕ್ಯಾನ್ ಮಾಡಿಸಲೇಬೇಕು ಎಂದರು. ಕಲ್ಯಾಣಕ್ಕೆ ರಿಕ್ಷಾದಲ್ಲಿ ಕರೆದೊಯ್ದು ಮಾಡಿಸಿದೆವು. ಮಗ ರಿಪೋರ್ಟು ಓದಿ ಮುಖ ಸಣ್ಣ ಮಾಡಿಕೊಂಡ.

"ಅಪ್ಪನ ತಲೇಲಿ ನೀರು ತುಂಬಿದೆಯಂತೆ" ಎಂದ.

ಆ ರಿಪೋರ್ಟನ್ನು ಮೊದಲು ತಲೆಯ ಡಾಕ್ಟರಿಗೆ ತೋರಿಸಬೇಕಿತ್ತು. ಮಗ ಮೊದಲು ತೋರಿಸಿದ್ದು ನನ್ನ ಅತ್ತಿಗೆಗೆ, ಅಂದರೆ ಇವರ ಅಕ್ಕನಿಗೆ. ಅವಳು ಇರುವುದು ನೆರೂಳ್‌ನಲ್ಲಿ. ವಯಸ್ಸು ಎಂಬತ್ತರ ಹತ್ತಿರ, ನಾಲಿಗೆಗೆ ಹದಿನೆಂಟು. ಮಾರನೆಯ ದಿನವೇ ಒಂದು ಚೀಲ ಹೊತ್ತುಕೊಂಡು ಬಂದಳು. ಚೀಲದಲ್ಲಿ ಎರಡು ಸೇರು ಹುರುಳಿ, ಒಂದು ಡಬ್ಬಿ ರಾಸ್ನಾದಿ ಪುಡಿ, ತಲೆ ಒರೆಸುವ ನಾಲ್ಕು ದಪ್ಪ ಬೈರಾಸು.

ನಮ್ಮ ಉಡುಪಿ ಕಡೆಯವರಿಗೆ ತಲೆಗೆ ನೀರು ಇಳಿಯುವುದು ಎಂದರೆ ಹುಟ್ಟಿದಾಗಿನಿಂದ ಗೊತ್ತಿರುವ ಕಾಯಿಲೆ. ಮಿಂದು ತಲೆ ಒರೆಸದಿದ್ದರೆ ನೀರು ನೆತ್ತಿಯಿಂದ ಇಳಿಯುತ್ತದೆ, ಅದು ಶೀತ, ಕೆಮ್ಮು, ತಲೆನೋವು ಎಲ್ಲದಕ್ಕೂ ಮೂಲ. ಅದಕ್ಕೇ ಮಿಂದ ಕೂಡಲೇ ನೆತ್ತಿಗೆ ಚಿಟಿಕೆ ರಾಸ್ನಾದಿ ಪುಡಿ ತಿಕ್ಕುವುದು. ನನ್ನ ನೆತ್ತಿಗೆ ನನ್ನಜ್ಜಿ ತಿಕ್ಕಿದ್ದಳು, ನನ್ನ ಮಗನ ನೆತ್ತಿಗೆ ನಾನು ತಿಕ್ಕಿದ್ದೆ. ಡೊಂಬಿವಲಿಗೆ ಬಂದು ಐವತ್ತು ವರ್ಷವಾದರೂ ಡಬ್ಬಿ ಮನೆಯಲ್ಲಿ ಖಾಲಿಯಾದದ್ದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ನೀರು ಎಂದು ಬರೆದದ್ದೇ ತಡ, ಅತ್ತಿಗೆಗೆ ಎಲ್ಲವೂ ಅರ್ಥವಾಗಿಬಿಟ್ಟಿತು.

"ನಾನು ಅವತ್ತೇ ಹೇಳಿದ್ದೆ, ಇವ ಹೋಟೆಲಿಂದ ಬೆವರಿಕೊಂಡು ಬಂದು ತಣ್ಣೀರು ಮೀತಾನೆ ಅಂತ. ನಲ್ವತ್ತು ವರ್ಷದ ನೀರು ಮಾರಾಯ್ತಿ! ಎಲ್ಲ ಒಳಗೆ ಕೂತಿದೆ."

"ಈಗ ಎಂತ ಮಾಡುದು ಅತ್ತಿಗೆ?"

"ಒಣಗಿಸುದು. ಮತ್ತೆಂತ?"

ಒಣಗಿಸಿದೆವು. ಗಂಜಿ ನಿಂತಿತು, ಮಜ್ಜಿಗೆ ನಿಂತಿತು, ಬೆಳಗಿನ ಚಹಾ ಅರ್ಧ ಲೋಟವಾಯಿತು. ಮಧ್ಯಾಹ್ನ ಒಣ ಅನ್ನ, ಹುರಿದ ಹುರುಳಿಯ ಚಟ್ನಿ. ಬಾಯಾರಿಕೆ ಎಂದರೆ ಒಂದು ಗುಟುಕು. ತಲೆಗೆ ಸ್ನಾನವಿಲ್ಲ, ನೆತ್ತಿಗೆ ಮೂರು ಹೊತ್ತು ಪುಡಿ, ಮೇಲೆ ಬೈರಾಸಿನ ಮುಂಡಾಸು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಕುರ್ಚಿ ಹಾಕಿ ಹಪ್ಪಳದ ಹಾಗೆ ಕೂರಿಸಿದೆವು.

ಎಲ್ಲ ತಪ್ಪನ್ನೂ ಅತ್ತಿಗೆಯ ತಲೆಗೆ ಕಟ್ಟಬಹುದು. ನಮ್ಮ ಮನೆಯವರೆಲ್ಲ ಈಗ ಹಾಗೆಯೇ ಮಾಡುತ್ತಾರೆ. ನಾನು ಮಾಡುವುದಿಲ್ಲ. ನೀರು ಕಡಿಮೆಯಾದದ್ದೇ ಪಂಚೆ ಒದ್ದೆಯಾಗುವುದೂ ಕಡಿಮೆಯಾಯಿತು. ದಿನಕ್ಕೆ ಐದು ಒಗೆಯುತ್ತಿದ್ದವಳಿಗೆ ಎರಡಾಯಿತು. ಬಾಲ್ಕನಿಯ ಹಗ್ಗ ಖಾಲಿ ಕಂಡು ನನಗೆ ಹಾಯೆನಿಸಿತು. ಮೂರನೇ ದಿನ ಅವರು "ನೀರು" ಎಂದು ಕೈ ಚಾಚಿದಾಗ "ಈಗ ತಾನೇ ಕುಡಿದ್ರಿ" ಎಂದು ಸುಳ್ಳು ಹೇಳಿದೆ. ಮರೆವಿನವರಿಗೆ ಸುಳ್ಳು ಹೇಳುವುದು ಸುಲಭ. ಅವರು ಹೌದೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಎಂಟನೇ ದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ನಾಲಿಗೆ ಸುಟ್ಟ ದೋಸೆಯ ತುದಿಯ ಹಾಗೆ ಒರಟಾಗಿತ್ತು. ಮೊಮ್ಮಗಳು ಆ ದಿನ ಕಾಲೇಜಿಗೆ ಹೋಗದೆ ಮನೆಯಲ್ಲಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅಜ್ಜನ ಕೆನ್ನೆ ಮುಟ್ಟಿ ನೋಡಿ ನನ್ನ ಮೇಲೆ ಕಿರುಚಿದಳು.

"ಅಜ್ಜಿ, ಪಾನಿ ಕಿತನಾ ದಿಯಾ ಇನಕೋ?"

ಎಷ್ಟು ನೀರು ಕೊಟ್ಟೆ ಎಂದು ಅವಳ ಪ್ರಶ್ನೆ. ಉತ್ತರಕ್ಕೆ ಕಾಯದೆ ಆಂಬುಲೆನ್ಸಿಗೆ ಫೋನು ಮಾಡಿದಳು.

ಠಾಣೆ ಶಹರದ ಆಸ್ಪತ್ರೆಯಲ್ಲಿ ಒಂದು ದಿನ ಸಲೈನ್ ಹೋದ ಮೇಲೆ ಕಣ್ಣು ಬಿಟ್ಟರು. ತಲೆಯ ಡಾಕ್ಟರು ಬಂದದ್ದು ಆಮೇಲೆ. ನಲವತ್ತರ ಮರಾಠಿ ಹೆಂಗಸು, ಕನ್ನಡಕ ತಲೆಯ ಮೇಲೆ. ಹುರುಳಿಯ ಕಥೆ ಮೊಮ್ಮಗಳ ಬಾಯಿಂದ ಕೇಳಿ, ನಮ್ಮ ಕಡೆ ತಿರುಗಿದರು.

"ನೀರು ಬಂದ್ ಮಾಡಿದ್ದು ಯಾರು?" ಎಂದು ಹಿಂದಿಯಲ್ಲಿ ಕೇಳಿದರು.

ಅತ್ತಿಗೆ ಕಿಟಕಿಯ ಹೊರಗೆ ನೋಡಿದಳು. ಮಗ ಮೊಬೈಲ್ ನೋಡಿದ. "ನಾನು" ಎಂದೆ.

"ಆಜಿ, ನೀವು ಒಂದು ಹನಿ ಕೊಡದಿದ್ದರೂ ತಲೆ ತನ್ನ ನೀರನ್ನು ಮಾಡುತ್ತಲೇ ಇರುತ್ತದೆ. ನೀವು ಒಣಗಿಸಿದ್ದು ತಲೆಯನ್ನಲ್ಲ, ಮನುಷ್ಯನನ್ನು."

ಬೈದದ್ದು ಸರಿಯಾಗಿಯೇ ಇತ್ತು. ಆದರೆ ಬೈಸಿಕೊಂಡ ಮೇಲೆ ವಿಷಯ ತಿಳಿಯದೆ ಬಿಡುವವಳು ನಾನಲ್ಲ. ಹಾಗಾದರೆ ಆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವರು ರಿಪೋರ್ಟಿನ ಲಕೋಟೆಯ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದರು. ಮೂರನೇ ಕ್ಲಾಸು ಓದಿದ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಎಂ.ಎ. ಓದಿದವರು ಇದಕ್ಕಿಂತ ಹೆಚ್ಚು ತಿಳಿದವರ ಹಾಗೆ ಮಾತಾಡಿದ್ದನ್ನು ನಾನು ಕಂಡಿದ್ದೇನೆ, ತಿಳಿದದ್ದನ್ನು ಕಂಡಿಲ್ಲ.

ಮೆದುಳು ಗಟ್ಟಿ ಮುದ್ದೆಯಲ್ಲ. ಒಳಗೆ ನಾಲ್ಕು ಪೊಳ್ಳು ಕೋಣೆಗಳಿವೆ. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಅದರ ಕೆಳಗೆ ಹಿಂದುಗಡೆ ಒಂದು. ಈ ಕೋಣೆಗಳಲ್ಲಿ ಕೋಳಿಜುಟ್ಟು ಹೂವಿನ ಹಾಗೆ ಮಡಿಕೆ ಮಡಿಕೆಯಾದ ಕೆಂಪು ಕುಚ್ಚುಗಳಿವೆ. ಅವುಗಳೊಳಗೆ ರಕ್ತ ಹರಿಯುತ್ತದೆ. ಕುಚ್ಚು ಆ ರಕ್ತದಿಂದ ತನಗೆ ಬೇಕಾದ ಉಪ್ಪು, ನೀರು ಇಷ್ಟನ್ನೇ ಆರಿಸಿ ಕೋಣೆಯೊಳಕ್ಕೆ ಬಿಡುತ್ತದೆ. ಹೊರಗಿನ ನೀರು ನೆತ್ತಿಯಿಂದ ಇಳಿಯುವುದಕ್ಕೆ ದಾರಿಯೇ ಇಲ್ಲ. ನಡುವೆ ತಲೆಬುರುಡೆ ಎಂಬುದೊಂದು ಇದೆ. ನಾನು ಅರವತ್ತು ವರ್ಷ ಪುಡಿ ತಿಕ್ಕಿದ್ದು ಬುರುಡೆಗೆ.

ಹಾಗೆ ಹುಟ್ಟಿದ ನೀರು ಪಕ್ಕದ ಕೋಣೆಗಳಿಂದ ನಡುವಿನದಕ್ಕೆ, ಅಲ್ಲಿಂದ ಸೂಜಿಯಷ್ಟು ಸಪೂರ ಓಣಿಯಲ್ಲಿ ಹಿಂದಿನ ಕೋಣೆಗೆ ಇಳಿಯುತ್ತದೆ. ಅಲ್ಲಿರುವ ಕಂಡಿಗಳಿಂದ ಹೊರಬಂದು ಮೆದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿಯುತ್ತದೆ. ಮೆದುಳು ಅದರಲ್ಲಿ ತೇಲುತ್ತದೆ, ಅದಕ್ಕೇ ತನ್ನ ಭಾರದಿಂದ ತಾನು ಜಜ್ಜಿಹೋಗುವುದಿಲ್ಲ. ಕೊನೆಗೆ ನೆತ್ತಿಯ ಒಳಗೆ ಒಂದು ದೊಡ್ಡ ರಕ್ತನಾಳದ ಪಕ್ಕದಲ್ಲಿ ಸಣ್ಣ ಸಣ್ಣ ಮೊಗ್ಗುಗಳಿವೆಯಂತೆ. ಆ ಮೊಗ್ಗುಗಳು ನೀರನ್ನು ಹೀರಿ ಮತ್ತೆ ರಕ್ತಕ್ಕೆ ಬಿಡುತ್ತವೆ. ರಕ್ತದಿಂದ ಬಂದದ್ದು ರಕ್ತಕ್ಕೇ ವಾಪಸು.

"ಎಷ್ಟು ನೀರು ಇರ್ತದೆ?" ಎಂದೆ.

"ಒಂದು ಸಲಕ್ಕೆ ಎರಡು ಕಟಿಂಗ್ ಚಹಾದಷ್ಟು. ಆದರೆ ದಿನಕ್ಕೆ ಅರ್ಧ ಲೀಟರ್ ಹೊಸದು ಹುಟ್ಟುತ್ತದೆ."

ಕಟಿಂಗ್ ಎಂದರೆ ಇಲ್ಲಿನವರ ಅರ್ಧ ಲೋಟ ಚಹಾ, ಹೋಟೆಲಿನವರ ಮನೆಯವಳಿಗೆ ಇದು ಕೂಡಲೇ ತಿಳಿಯಿತು. ಎರಡು ಕಟಿಂಗ್ ಹಿಡಿಯುವ ಜಾಗಕ್ಕೆ ದಿನಕ್ಕೆ ಅರ್ಧ ಲೀಟರ್ ಬಂದರೆ, ಇದ್ದದ್ದು ದಿನಕ್ಕೆ ಮೂರು ನಾಲ್ಕು ಸಲ ಖಾಲಿಯಾಗಲೇಬೇಕು.

ಮಗ ನಡುವೆ ಬಾಯಿ ಹಾಕಿದ. "ಅಮ್ಮ, ಸಿಂಪಲ್. ನಮ್ಮ ಬಿಲ್ಡಿಂಗಿನ ಟ್ಯಾಂಕ್ ಇದ್ದ ಹಾಗೆ."

"ಟ್ಯಾಂಕಿಗೆ ಬಾಲ್‌ಕಾಕ್ ಉಂಟು. ತುಂಬಿದ ಕೂಡಲೇ ನೀರು ನಿಲ್ತದೆ. ತಲೆಗೆ ಉಂಟಾ?"

ಡಾಕ್ಟರು ನಕ್ಕರು. ಇಲ್ಲ, ಆಜಿ, ಅದೇ ತೊಂದರೆ ಎಂದರು. ಹೀರುವುದು ಮಂದವಾದರೂ ಹುಟ್ಟುವುದು ನಿಲ್ಲುವುದಿಲ್ಲ. ಇವರ ಕೋಣೆಗಳು ನಿಧಾನವಾಗಿ ಉಬ್ಬಿವೆ. ಕಾಲಿಗೂ ಮೂತ್ರಕ್ಕೂ ಅಪ್ಪಣೆ ಒಯ್ಯುವ ಎಳೆಗಳು ಆ ಕೋಣೆಗಳ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತವೆ, ಅವು ಎಳೆದು ಹಿಗ್ಗಿವೆ. ಹಾಗಾಗಿ ಮೊದಲು ಕಾಲು ಅಂಟಿತು, ಆಮೇಲೆ ಪಂಚೆ ಒದ್ದೆಯಾಯಿತು, ಆಮೇಲೆ ಮಾತು ನಿಧಾನವಾಯಿತು.

"ಹೀರುವುದು ಯಾಕೆ ಮಂದ ಆಯ್ತು?"

"ಇವರಿಗೆ ಯಾಕೆ ಹೀಗಾಯಿತು ಎಂದು ನಮಗೆ ಗೊತ್ತಿಲ್ಲ. ನೀರು ನೆತ್ತಿಯ ಮೊಗ್ಗಿನಿಂದ ಮಾತ್ರ ಹೋಗುವುದಿಲ್ಲ, ನರಗಳ ಪಕ್ಕದಿಂದ, ಮೂಗಿನ ಮೇಲ್ಭಾಗದಿಂದಲೂ ಹೋಗುತ್ತದೆ ಎಂದು ಈಗ ಹೇಳುತ್ತಾರೆ. ಪೂರ್ತಿ ನಮಗೂ ತಿಳಿದಿಲ್ಲ."

"ಮೂಗಿಂದಲಾ? ನೋಡು, ನಾನು ಹೇಳ್ಲಿಲ್ವಾ ಶೀತ ಅಂತ!" ಎಂದು ಅತ್ತಿಗೆ ಎದ್ದು ನಿಂತಳು.

"ಕೂತ್ಕೊಳ್ಳಿ ಅತ್ತಿಗೆ" ಎಂದೆ.

ಒಂದು ವರ್ಷದಲ್ಲಿ "ಗೊತ್ತಿಲ್ಲ" ಎಂದು ಹೇಳಿದ ಮೊದಲ ಮನುಷ್ಯರು ಆ ಡಾಕ್ಟರು. ವಾಚ್‌ಮನ್‌ನಿಂದ ಹಿಡಿದು ನನ್ನ ಮಗನವರೆಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಅವರ ಮೇಲೆ ನನಗೆ ನಂಬಿಕೆ ಬಂದದ್ದು ಅಲ್ಲಿ.

ಇದೇ ಕಾಯಿಲೆ ಹೌದೇ, ನೀರು ತೆಗೆದರೆ ಉಪಯೋಗವಾಗುತ್ತದೆಯೇ ಎಂದು ನೋಡಲು ಒಂದು ಪರೀಕ್ಷೆ ಇದೆ. ಸೊಂಟದ ಹತ್ತಿರ ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆಯುವುದು, ಆಮೇಲೆ ನಡೆಸಿ ನೋಡುವುದು. ನಡಿಗೆ ಸುಧಾರಿಸಿದರೆ ಆಪರೇಷನ್ ಮಾಡಿ ನೀರಿಗೆ ಬೇರೆ ದಾರಿ ಹಾಕಬಹುದು.

ಬೆನ್ನಿಗೆ ಸೂಜಿ ಎಂದದ್ದೇ ತಡ, ವಾರ್ಡಿನಲ್ಲಿ ಹರಿಕಥೆ ಶುರುವಾಯಿತು.

"ಬೇಡ್ವೇ ಬೇಡ! ಬೆನ್ನಿನ ನೀರು ತೆಗ್ದವರು ಎದ್ದದ್ದುಂಟಾ? ಸೊಂಟದ ಕೆಳಗೆ ಲಕ್ವ ಹೊಡೀತದೆ" ಎಂದಳು ಅತ್ತಿಗೆ.

"ಯಾರಿಗೆ ಹೊಡೆದಿದೆ ಅತ್ತಿಗೆ?"

"ಎಷ್ಟೋ ಜನರಿಗೆ."

"ಒಬ್ಬರ ಹೆಸರು ಹೇಳಿ."

"ನನ್ನ ಸೊಸೆಗೆ ಹೆರಿಗೆಗೆ ಬೆನ್ನಿಗೆ ಸೂಜಿ ಹಾಕಿದ್ರು. ಇವತ್ತಿಗೂ ಬಗ್ಗಿ ಒಂದು ಕಸಬರಿಕೆ ಹಿಡಿಯುದಿಲ್ಲ!"

"ಅದು ಸೂಜಿಯ ದೋಷ ಅಲ್ಲ" ಎಂದೆ.

ಮಗ ಮೆಲ್ಲಗೆ ನನ್ನನ್ನು ಪಕ್ಕಕ್ಕೆ ಕರೆದ. "ಅಮ್ಮ, ರಿಸ್ಕ್ ಬೇಡ. ಹೀಗೇ ಇರ್ಲಿ. ನೋಡಿಕೊಳ್ಳಲಿಕ್ಕೆ ಒಬ್ಬಳನ್ನು ಇಡುವ" ಎಂದ. ಅಪ್ಪನಿಗೆ ಏನಾದರೂ ಆದರೆ ತಾನು ಸಹಿ ಮಾಡಿದವನಾಗುತ್ತೇನೆ ಎನ್ನುವ ಹೆದರಿಕೆ ಅವನಿಗೆ. ಏನೂ ಮಾಡದೆ ಹಾಳಾದರೆ ಯಾರೂ ಬೈಯುವುದಿಲ್ಲ, ಮಾಡಿ ಹಾಳಾದರೆ ಎಲ್ಲರೂ ಬೈಯುತ್ತಾರೆ. ನಮ್ಮ ಜನರ ಬುದ್ಧಿವಂತಿಕೆ ಇಷ್ಟೇ.

ಲಕ್ವದ ಮಾತನ್ನು ನಾನು ಡಾಕ್ಟರಿಗೇ ಕೇಳಿದೆ. ಬೆನ್ನುಹುರಿ ಸೊಂಟದ ಮೇಲೆಯೇ ಮುಗಿದುಹೋಗುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ ಎಂದರು. ಅಲ್ಲಿರುವುದು ನೀರು, ಆ ನೀರಿನಲ್ಲಿ ಇಳಿಬಿದ್ದ ಸಪೂರ ನರಗಳು. ಬಟ್ಟಲ ನೀರಿನಲ್ಲಿರುವ ಶ್ಯಾವಿಗೆಗೆ ಸೂಜಿ ಚುಚ್ಚಲು ಹೋದರೆ ಅದು ಸರಿದುಕೊಳ್ಳುವುದಿಲ್ಲವೇ, ಹಾಗೆ. ತಲೆನೋವು ಬರಬಹುದು, ಅಪರೂಪಕ್ಕೆ ಬೇರೆ ತೊಂದರೆಯೂ ಆಗಬಹುದು, ಆಗುವುದೇ ಇಲ್ಲ ಎಂದು ಹೇಳುವುದಿಲ್ಲ ಎಂದರು. ನಾನು ಕಾಗದ ಇಸಿದುಕೊಂಡು ಸಹಿ ಮಾಡಿದೆ. ಒಣಗಿಸಲು ಯಾರ ಸಹಿಯೂ ಬೇಕಿರಲಿಲ್ಲ, ಇದಕ್ಕಾದರೂ ಒಂದು ಇರಲಿ.

ಸೂಜಿಗೆ ಮೊದಲು ನಡೆಸಿ ವಿಡಿಯೋ ತೆಗೆಯಲು ಹೇಳಿದರು. ಮೊಮ್ಮಗಳು ತೆಗೆದಳು. ವಾರ್ಡಿನ ಬಾಗಿಲಿನಿಂದ ನರ್ಸಿನ ಮೇಜಿನವರೆಗೆ. ಇಬ್ಬರು ಹಿಡಿದಿದ್ದರು. ಪಾದ ನೆಲ ಬಿಟ್ಟು ಏಳಲಿಲ್ಲ, ತಿರುಗುವಾಗ ಗಡಿಯಾರದ ಮುಳ್ಳಿನ ಹಾಗೆ ಒಂದೊಂದೇ ಹೆಜ್ಜೆ. ಆಮೇಲೆ ಪಕ್ಕಕ್ಕೆ ಮಲಗಿಸಿ ಮಂಡಿಯನ್ನು ಹೊಟ್ಟೆಗೆ ಒತ್ತಿ ಸೂಜಿ ಹಾಕಿದರು. ನಾನು ಹೊರಗೆ ಹೋಗಲಿಲ್ಲ. ಒಂದು ವರ್ಷ ನಮ್ಮ ಮನೆಯನ್ನು ಕುಣಿಸಿದ ನೀರು ಹೇಗಿರುತ್ತದೆ ಎಂದು ನೋಡಬೇಕಿತ್ತು. ಕೊಳಕು ಬರುತ್ತದೆ, ಹಳದಿ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ತಿಳಿ ನೀರು, ಒಂದೊಂದೇ ಹನಿ, ಗಾಜಿನ ನಳಿಗೆಗಳಲ್ಲಿ. ಅರ್ಧ ಕಟಿಂಗಿನಷ್ಟು ಇರಬಹುದು. ಇಷ್ಟಕ್ಕೆ ಒಬ್ಬ ಮನುಷ್ಯ ಮೂಲೆ ಸೇರಿದನೇ ಎಂದು ಅಸಹ್ಯವಾಯಿತು.

ನಾಲ್ಕು ಗಂಟೆ ಕಳೆದ ಮೇಲೆ ಎಬ್ಬಿಸಿ ನಡೆಸಿದರು. ಮೊದಲ ಮೂರು ಹೆಜ್ಜೆ ಹಾಗೆಯೇ. ನಾಲ್ಕನೆಯದು ಎದ್ದಿತು. ಹಿಮ್ಮಡಿ ಎದ್ದಿತು, ಬೆರಳೂ ಎದ್ದಿತು. ಹಿಡಿದವರು ಕೈ ಬಿಟ್ಟರು. ನರ್ಸಿನ ಮೇಜು ಮುಟ್ಟಿ, ಎರಡೇ ಹೆಜ್ಜೆಯಲ್ಲಿ ತಿರುಗಿದರು.

ಮೊಮ್ಮಗಳು ಅಳುತ್ತಾ ವಿಡಿಯೋ ತೆಗೆದಳು, ಹಾಗಾಗಿ ಅದರಲ್ಲಿ ಅರ್ಧ ಕಾಣುವುದು ಆಸ್ಪತ್ರೆಯ ಮಾಡು. ಅತ್ತಿಗೆ "ದೇವರು ದೊಡ್ಡವ" ಎಂದು ಕೈಮುಗಿದಳು. ಲಕ್ವದ ಮಾತು ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಇರುತ್ತಿತ್ತು.

ಡಾಕ್ಟರು ಮಾತ್ರ ಹಿಗ್ಗಲಿಲ್ಲ. ಇದು ಎರಡು ಮೂರು ದಿನದ ಮಾತು, ತೆಗೆದಷ್ಟು ನೀರು ಮತ್ತೆ ಹುಟ್ಟಿ ತುಂಬುತ್ತದೆ, ಅಷ್ಟರೊಳಗೆ ಆಪರೇಷನ್ನಿನ ವಿಷಯ ಯೋಚಿಸಿ ಎಂದರು. ಯೋಚಿಸುವುದು ಎಂದರೆ ಏನು ಮಾಡಬೇಕೆಂದು ಹೇಳಿದರು. ತಲೆಯ ಕೋಣೆಗೆ ಒಂದು ಸಪೂರ ಕೊಳವೆ, ಕಿವಿಯ ಹಿಂದೆ ಚರ್ಮದ ಅಡಿಯಲ್ಲಿ ಒಂದು ವಾಲ್ವ್, ಅಲ್ಲಿಂದ ಕುತ್ತಿಗೆ, ಎದೆಯ ಚರ್ಮದ ಅಡಿಯಲ್ಲೇ ಕೊಳವೆ ಇಳಿದು ಹೊಟ್ಟೆಯೊಳಗೆ. ಹೆಚ್ಚಾದ ನೀರು ಅಲ್ಲಿಗೆ ಹೋಗುತ್ತದೆ.

"ಹೊಟ್ಟೆ ಉಬ್ಬುದಿಲ್ವಾ ಮತ್ತೆ?" ಎಂದಳು ಅತ್ತಿಗೆ. ಇಷ್ಟು ದಿನದಲ್ಲಿ ಅವಳು ಕೇಳಿದ ಒಂದೇ ಒಳ್ಳೆಯ ಪ್ರಶ್ನೆ. ಉಬ್ಬುವುದಿಲ್ಲ, ಹೊಟ್ಟೆಯೊಳಗಿನ ತೆಳು ಪೊರೆ ಅದನ್ನು ಹೀರಿ ರಕ್ತಕ್ಕೆ ಸೇರಿಸುತ್ತದೆ ಎಂದರು ಡಾಕ್ಟರು. ನೆತ್ತಿಯಲ್ಲಿ ಆಗಬೇಕಾದ ಕೆಲಸ ಹೊಟ್ಟೆಯಲ್ಲಿ ಆಗುತ್ತದೆ, ಅಷ್ಟೇ. ಕೊಳವೆ ಕಟ್ಟಬಹುದು, ಸೋಂಕಾಗಬಹುದು, ತಲೆಯಲ್ಲಿ ರಕ್ತ ಸೋರಬಹುದು. ನಡಿಗೆ ಸುಧಾರಿಸುವ ಭರವಸೆ ಹೆಚ್ಚು, ಮರೆವಿನದು ಕಡಿಮೆ. ಇದನ್ನೂ ಮುಚ್ಚಿಡಲಿಲ್ಲ.

ಆಸ್ಪತ್ರೆಯ ಮಂಚದ ಸುತ್ತ ಪಂಚಾಯಿತಿ ಕೂತಿತು. ಮಗ, ಸೊಸೆ, ಅತ್ತಿಗೆ, ಅತ್ತಿಗೆಯ ಮೊಬೈಲಿನಲ್ಲಿ ಅಂಬರನಾಥದ ಒಬ್ಬ ಸಂಬಂಧಿ, ಅವನ ಮೊಬೈಲಿನಲ್ಲಿ ಇನ್ನೊಬ್ಬ. ಈ ವಯಸ್ಸಿಗೆ ಬೇಕಾ, ಇದ್ದಷ್ಟು ದಿನ ಇರಲಿ, ತಲೆ ಕೊರೆಯುವುದೆಂದರೆ ಆಟವಾ ಎಂದು ಗಂಟೆಗಟ್ಟಲೆ ಕೊರೆದರು. ನಾನೂ ಕೊರೆದೆ, ಮಾಡಿಸಬೇಕೆಂದು. ಅತ್ತಿಗೆ ಕೊನೆಗೆ ಮಗನನ್ನು "ನೀನೇ ಹೇಳು ಗಂಡಸೇ" ಎಂದು ಕೇಳುವಾಗ ನಾನು ಮಂಚದ ಕಡೆ ನೋಡಿದೆ. ಅವರು ದಿಂಬಿಗೆ ಒರಗಿ ಕೂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆ ಎರಡು ದಿನ ಅವರ ಕಣ್ಣು ಹಳೆಯ ಹಾಗೆ ಚುರುಕಾಗಿತ್ತು. ನಮಗೆ ಯಾರಿಗೂ ಅವರನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಒಂದು ವರ್ಷದಿಂದ ಯಾವುದನ್ನೂ ಕೇಳಿರಲಿಲ್ಲ. ಅನ್ನ ಬಡಿಸುವಾಗ ಸಾರೋ ಸಾಂಬಾರೋ ಎಂದೂ ಕೇಳುತ್ತಿರಲಿಲ್ಲ.

"ಎಲ್ಲ ಸ್ವಲ್ಪ ಬಾಯಿ ಮುಚ್ಚಿ" ಎಂದೆ. ಮಂಚದ ಹತ್ತಿರ ಹೋಗಿ, "ಡಾಕ್ಟರು ಹೇಳಿದ್ದು ಕೇಳಿತಾ? ತಲೆಯಿಂದ ಹೊಟ್ಟೆಗೆ ಪೈಪು ಹಾಕ್ತಾರಂತೆ. ಸತ್ತರೂ ಸಾಯಬಹುದು. ನಿಮಗೆ ಎಂತ ಬೇಕು?" ಎಂದೆ.

"ಏನಮ್ಮ, ಹಾಗೆಲ್ಲಾ ಹೇಳ್ತಿ!" ಎಂದು ಮಗ ಹಾರಿಬಿದ್ದ.

ಉತ್ತರ ಬರುವುದಿಲ್ಲ ಎಂದು ಅತ್ತಿಗೆ ಬಾಯಿ ತೆರೆಯುವಷ್ಟರಲ್ಲಿ ಬಂತು.

"ಪಾಯಿಖಾನೆಗೆ ನಾನೊಬ್ಬನೇ ಹೋಗ್ಬೇಕು."

"ಮತ್ತೆ?"

"ಮತ್ತೆಂತದೂ ಬೇಡ. ಅಷ್ಟು ಆಗ್ತದಾ ಕೇಳು."

ಡಾಕ್ಟರನ್ನು ಕರೆಸಿದೆ. ಆಗಬಹುದು, ಖಂಡಿತ ಎನ್ನಲಾರೆ ಎಂದರು. "ಪೆನ್ನು ಕೊಡಿ" ಎಂದರು ಇವರು. ಕನ್ನಡದಲ್ಲಿ ಬರೆದ ಸಹಿ ಗೆರೆಯಿಂದ ಕೆಳಗಿಳಿಯಿತು. ಅದು ಸಹಿಯೋ ಅಲ್ಲವೋ ಎಂದು ನರ್ಸು ಅನುಮಾನದಿಂದ ನೋಡಿದಾಗ, "ಅವರದ್ದೇ, ನಾನು ನೋಡಿದ್ದೇನೆ" ಎಂದೆ.

ಆಪರೇಷನ್ ಮುಗಿದು ತಲೆಯ ಒಂದು ಬದಿ ಬೋಳಿಸಿಕೊಂಡು ಮನೆಗೆ ಬಂದರು. ಕಿವಿಯ ಹಿಂದೆ ಚರ್ಮದ ಅಡಿಯಲ್ಲಿ ಪುನರ್ಪುಳಿ ಬೀಜದಷ್ಟು ಗಂಟು, ಅದೇ ವಾಲ್ವ್. ಬಂದವರೆಲ್ಲ ಅದನ್ನು ಮುಟ್ಟಿ ನೋಡಬೇಕು. ದೇವಸ್ಥಾನದ ಗಂಟೆಯೇ ಅದು? ಡೈಪರ್ ಹಾಕಿಬಿಡಿ ಎಂದವರೇ ಬಾಳೆಹಣ್ಣು ಹಿಡಿದುಕೊಂಡು ಬಂದು "ಚಮತ್ಕಾರ ಮಾಮಿ, ಚಮತ್ಕಾರ" ಎಂದರು. ಚಮತ್ಕಾರವೂ ಇಲ್ಲ, ಏನೂ ಇಲ್ಲ. ಒಂದು ಕೊಳವೆ. ಎರಡು ಸಲ ಠಾಣೆಗೆ ಹೋಗಿ ವಾಲ್ವಿನ ಬಿಗಿಯನ್ನು ಹೊರಗಿನಿಂದಲೇ ಆಯಸ್ಕಾಂತ ಹಿಡಿದು ಸರಿಮಾಡಿಸಬೇಕಾಯಿತು. ಒಮ್ಮೆ ನೀರು ಹೆಚ್ಚು ಹರಿದು ಕೂತಲ್ಲೇ ತಲೆನೋವು ಬರುತ್ತಿತ್ತು. ಮರೆವು ಪೂರ್ತಿ ಹೋಗಲಿಲ್ಲ. ಮೊನ್ನೆ ಬಂದವರ ಹೆಸರು ಇವತ್ತಿಗೆ ಇರುವುದಿಲ್ಲ. ಅಂಥ ಹೆಸರುಗಳನ್ನು ನೆನಪಿಟ್ಟು ಆಗಬೇಕಾದದ್ದೂ ಏನಿಲ್ಲ.

ನೀರಿನ ಸುಳ್ಳು ಹೇಳಿದ್ದನ್ನು ಅವರಿಗೆ ಹೇಳಿದೆ. ನೆನಪಿಲ್ಲ ಎಂದರು. ನೆನಪಿಲ್ಲದವರ ಹತ್ತಿರ ಕ್ಷಮೆ ಕೇಳುವುದು ಎಂಥ ಪ್ರಯೋಜನವಿಲ್ಲದ ಕೆಲಸ ಎಂದು ಅಂದು ಗೊತ್ತಾಯಿತು. ಹಾಗಾಗಿ ಕೇಳಲಿಲ್ಲ.

ಮನೆಗೆ ಬಂದು ಐದನೇ ವಾರ ಇರಬೇಕು. ನಾನು ಅಡುಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದೆ. ಕುರ್ಚಿ ಸರಿದ ಸದ್ದಾಯಿತು. ಚಪ್ಪಲಿಯ ಸದ್ದು, ಎಳೆದದ್ದಲ್ಲ, ಒಂದೊಂದಾಗಿ ಎತ್ತಿ ಇಟ್ಟದ್ದು. ನಾನು ಕತ್ತಿ ಬಿಟ್ಟು ಓಡುವಷ್ಟರಲ್ಲಿ ಪಾಯಿಖಾನೆಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಅವರು ಬಿದ್ದ ದಿನದಿಂದ ಆ ಚಿಲಕವನ್ನು ಹಾಕಲು ನಾನು ಬಿಟ್ಟಿರಲಿಲ್ಲ.

"ಚಿಲಕ ತೆಗೀರಿ! ಬಿದ್ರೆ ಬಾಗಿಲು ಒಡೆಯುವವರು ಯಾರು?"

"ಬೀಳುದಿಲ್ಲ."

"ಎಷ್ಟು ಹೊತ್ತು?"

"ಆಗುವಷ್ಟು ಹೊತ್ತು. ನೀನು ಅಲ್ಲಿ ನಿಂತ್ಕೊಂಡ್ರೆ ನನಗೆ ಆಗುದಿಲ್ಲ. ಆಚೆ ಹೋಗು!"

ಸ್ವರ ಹೋಟೆಲಿನ ಕಾವಲಿಯ ಹಿಂದಿನಿಂದ ಬರುತ್ತಿದ್ದ ಸ್ವರ. ಆಚೆ ಹೋಗಿ ತೊಂಡೆಕಾಯಿಯ ಮುಂದೆ ಕೂತೆ. ಕಿವಿ ಮಾತ್ರ ಆ ಬಾಗಿಲಿನ ಕಡೆಗೇ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.